ಕೊಟ್ಟಪ್ಪುರದ ಹೌಸ್‌ಬೋಟ್: ಊಟಕ್ಕೆ ಫುಲ್ ಮಾರ್ಕ್ಸ್, ದಾರಿಗೆ ಅರ್ಧ

ಮೊದಲೇ ಹೇಳಿಬಿಡುತ್ತೇನೆ. ನೀಲೇಶ್ವರದ ಹತ್ತಿರ ಕೊಟ್ಟಪ್ಪುರಂ ಜೆಟ್ಟಿಯಿಂದ ಹೊರಡುವ ಹೌಸ್‌ಬೋಟಿನ ಹಗಲು ಟ್ರಿಪ್ಪಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಹಿನ್ನೀರಿಗೆ ಒಂದೂವರೆ, ಊಟಕ್ಕೆ ಒಂದೂವರೆ, ದೋಣಿ ನಡೆಸಿದವರಿಗೆ ಅರ್ಧ. ಬಾಕಿ ಒಂದೂವರೆ ಎಲ್ಲಿ ಹೋಯಿತು ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕು, ಯಾಕಂದ್ರೆ ನಮ್ಮ ಜೊತೆ ಬಾವ ಬಂದಿದ್ದರು.

ಬಾವ ಅಂದರೆ ಅಕ್ಕನ ಗಂಡ. ಉದುಮ, ಪಾಲಕುನ್ನು, ಕೋಟಿಕುಳಂ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹಡಗಿನಲ್ಲಿ ಇರುತ್ತಾರೆ ಅನ್ನುವುದು ಕಾಸರಗೋಡಿನವರಿಗೆಲ್ಲ ಗೊತ್ತಿರುವ ವಿಷಯ. ಬಾವ ಕುಂಬಳೆಯವರಾದರೂ ಹಿಡಿದದ್ದು ಅದೇ ದಾರಿ. ಸರಕು ಹಡಗಿನಲ್ಲಿ ಬೋಸನ್, ಅಂದರೆ ಡೆಕ್ಕಿನ ಖಲಾಸಿಗಳ ಮೇಸ್ತ್ರಿ ಆಗಿದ್ದು ಈಗ ಮನೆಯಲ್ಲಿ ಕರಿಮೆಣಸಿನ ಬಳ್ಳಿ ಕಟ್ಟುತ್ತಾ ಇದ್ದಾರೆ. ಇಂಥವರನ್ನು ಹೌಸ್‌ಬೋಟಿಗೆ ಕರೆದುಕೊಂಡು ಹೋದರೆ ಏನಾಗುತ್ತದೆ? ನಾವೆಲ್ಲ ಸೆಲ್ಫಿ ತೆಗೆಯುವಾಗ ಅವರು ಹಗ್ಗದ ಗಂಟು ನೋಡುತ್ತಾರೆ, ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪ್ ಎಲ್ಲಿ ಅಂತ ಕೇಳುತ್ತಾರೆ, ಲೈಫ್ ಜಾಕೆಟ್ ಎಣಿಸುತ್ತಾರೆ.

ಹೋಗುವುದು ಸುಲಭ. ರೈಲಿನಲ್ಲಾದರೆ ನೀಲೇಶ್ವರ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದರೆ ಸಾಕು. ನಾವು ಬದಿಯಡ್ಕದಿಂದ ಎರಡು ಕಾರು ಮಾಡಿಕೊಂಡು ಹೋದದ್ದು, ಹೆದ್ದಾರಿ 66ರಲ್ಲಿ. ಒಂದು ಎಚ್ಚರಿಕೆ: ಫೋನಿನ ಮ್ಯಾಪಿನಲ್ಲಿ ಬರೀ ಕೊಟ್ಟಪ್ಪುರಂ ಅಂತ ಹುಡುಕಿದರೆ ತೃಶೂರು ಜಿಲ್ಲೆಯ ಕೊಟ್ಟಪ್ಪುರಂ ಸಹ ಬರುತ್ತದೆ. ಅದೂ ನೀರಿನ ದಾರಿಯ ಊರೇ. ಕೊಲ್ಲಂನಿಂದ ಆ ಕೊಟ್ಟಪ್ಪುರಂವರೆಗಿನ 168 ಕಿಲೋಮೀಟರನ್ನೇ 1993ರಲ್ಲಿ ಮೂರನೇ ರಾಷ್ಟ್ರೀಯ ಜಲಮಾರ್ಗ ಅಂತ ಘೋಷಣೆ ಮಾಡಿದ್ದು. ಹಾಗಾಗಿ ನೀಲೇಶ್ವರ ಅಂತ ಸೇರಿಸಿ ಹುಡುಕಿ, ಇಲ್ಲದಿದ್ದರೆ ಮ್ಯಾಪಿನ ಅಮ್ಮ ನಿಮ್ಮನ್ನು ಗುರುವಾಯೂರು ದಾಟಿಸಿಬಿಡುತ್ತಾಳೆ.

ಜೆಟ್ಟಿಯಲ್ಲಿ ಬೇರೆ ಬೇರೆಯವರ ದೋಣಿಗಳಿವೆ. ನಾವು ಹತ್ತಿದ್ದು ಯಾರದ್ದು ಅಂತ ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿ ಬೈಯುವಂಥ ತಪ್ಪೇನೂ ಅಲ್ಲ ಇದು.

ದೋಣಿ ಚೆಂದ ಇತ್ತು. ಎರಡು ರೂಮು, ಎದುರಿಗೆ ಊಟದ ಮೇಜು, ಮೇಲೆ ಕೂರಲು ಅಟ್ಟದ ಹಾಗೆ ಒಂದು ಜಾಗ, ತಲೆ ಮೇಲೆ ಬಿದಿರು ಚಾಪೆಯ ಮಾಡು. ಹಾಸಿಗೆ ಬಟ್ಟೆ ಶುಭ್ರ, ಬಾತ್‌ರೂಮಿನಲ್ಲಿ ನೀರು ಸರಿಯಾಗಿ ಬರುತ್ತಿತ್ತು. ಎಂಜಿನ್ ಹಿಂದೆ ಇರುವುದರಿಂದ ಎದುರು ಕೂತರೆ ಸದ್ದು ಅಷ್ಟು ತೊಂದರೆ ಕೊಡುವುದಿಲ್ಲ. ಅಡುಗೆಮನೆ ಪಕ್ಕದ ರೂಮಿನಲ್ಲಿ ಮಾತ್ರ ಡೀಸೆಲ್ ವಾಸನೆ ಮತ್ತು ಮೀನು ಹುರಿಯುವ ವಾಸನೆ ಒಟ್ಟಿಗೇ ಬರುತ್ತದೆ. ಅತ್ತೆಗೆ ಅಲ್ಲಿ ಮಲಗಲು ಆಗಲಿಲ್ಲ. ಬುಕ್ ಮಾಡುವಾಗ ಎದುರಿನ ರೂಮು ಕೇಳಿ ತೆಗೆದುಕೊಳ್ಳಿ.

ಈ ದೋಣಿಗಳ ಆಕಾರ ಎಲ್ಲಿಂದ ಬಂತು ಗೊತ್ತಲ್ವಾ? ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಸಾಗಿಸುತ್ತಿದ್ದ ಕೆಟ್ಟುವಳ್ಳಂನಿಂದ. ಹೆಬ್ಬಲಸಿನ ಹಲಗೆಗಳನ್ನು ಮೊಳೆಯೇ ಇಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಮಾಡುತ್ತಿದ್ದ ಸರಕು ದೋಣಿ ಅದು. ದೊಡ್ಡದರಲ್ಲಿ 30 ಟನ್ ಹಿಡಿಯುತ್ತಿತ್ತು. ರಸ್ತೆ ಬಂತು, ಲಾರಿ ಬಂತು, ದೋಣಿಗೆ ಕೆಲಸ ಇಲ್ಲದಾಯಿತು. ಆಮೇಲೆ ಅದರ ಮೇಲೆ ಮಂಚ ಇಟ್ಟು ಟೂರಿಸ್ಟರನ್ನು ಕೂರಿಸಿದರು. ಬಾವ ನಮ್ಮ ದೋಣಿಯ ಒಳಮೈ ಮುಟ್ಟಿ ನೋಡಿ, "ಇದು ಹೊಲಿದದ್ದು ಅಲ್ಲ, ಫೈಬರ್ ಹೊದಿಸಿದ್ದಾರೆ" ಅಂದರು. ದೋಣಿಯ ಹುಡುಗ ನಕ್ಕ. ಫೈಬರ್ ಆದರೇನು, ನೀರು ಒಳಗೆ ಬರುವುದಿಲ್ಲವಲ್ಲ.

ಆ ಹುಡುಗ ಹುಬ್ಬಳ್ಳಿಯ ಒಂದು ಬೇಕರಿಯಲ್ಲಿ ಕೆಲಸ ಮಾಡಿ ಬಂದವನಂತೆ. ಉತ್ತರ ಕರ್ನಾಟಕದ ಕನ್ನಡ ಮಾತಾಡುತ್ತಿದ್ದ. ಕಾಸರಗೋಡು ಜಿಲ್ಲೆಯ ಹಿನ್ನೀರಿನಲ್ಲಿ ಒಬ್ಬ ಮಲಯಾಳಿ ಹುಡುಗ "ಏನ್ರೀ, ಚಾ ಬೇಕೇನ್ರಿ" ಅಂತ ಕೇಳಿದಾಗ ನನ್ನ ಮಕ್ಕಳಿಗೆ ನಗು ತಡೆಯಲಿಲ್ಲ. ಬೋರ್ಡುಗಳಲ್ಲಿ ಮಾತ್ರ ಮಲಯಾಳ ಮತ್ತು ಇಂಗ್ಲಿಷ್. ಅದೇನು ನಮಗೆ ಹೊಸದಲ್ಲ.

ಜೆಟ್ಟಿಯಿಂದ ಹೊರಟು ತೇಜಸ್ವಿನಿ ಹೊಳೆಯಲ್ಲಿ ಅಚ್ಚಾಂತುರುತ್ತಿ ಬದಿಯಿಂದ ಕೆಳಗೆ ಹೋಗಿ, ಅಳಿವೆಗೆ ಹತ್ತಿರವಾಗುವಾಗ ದಕ್ಷಿಣಕ್ಕೆ ತಿರುಗುತ್ತಾರೆ. ಅಲ್ಲಿಂದ ವಲಿಯಪರಂಬ ಹಿನ್ನೀರು, ಕವ್ವಾಯಿ ಕಾಯಲ್ ಅಂತ ಹೇಳುವುದೂ ಇದನ್ನೇ. ಎಡಗಡೆ ಪಡನ್ನ, ತ್ರಿಕರಿಪುರ. ಬಲಗಡೆ ವಲಿಯಪರಂಬ ದ್ವೀಪ, ಸುಮಾರು 24 ಕಿಲೋಮೀಟರ್ ಉದ್ದದ ಒಂದು ಮರಳಿನ ಪಟ್ಟಿ, ಅದರ ಆಚೆ ಕಡಲು. ಕೆಲವು ಕಡೆ ಎಷ್ಟು ಸಪುರ ಅಂದರೆ ತೆಂಗಿನ ಮರಗಳ ಸಂದಿಯಲ್ಲಿ ಆಚೆಯ ತೆರೆ ಒಡೆಯುವ ಸದ್ದು ಕೇಳುತ್ತದೆ. ದೂರದಲ್ಲಿ ಏಳಿಮಲದ ಗುಡ್ಡ ಕಾಣುತ್ತಿರುತ್ತದೆ. ಆಲಪ್ಪುಳದಲ್ಲಿ ಹೌಸ್‌ಬೋಟುಗಳು ಒಂದರ ಹಿಂದೆ ಒಂದು ಸಾಲು ಹಿಡಿದು ಹೋಗುವುದನ್ನು ನೋಡಿದವರಿಗೆ ಇಲ್ಲಿಯ ಖಾಲಿ ನೀರೇ ದೊಡ್ಡ ಸುಖ. ನಾವಿದ್ದಷ್ಟು ಹೊತ್ತು ಎದುರಿಗೆ ಬಂದದ್ದು ಒಂದೆರಡು ಮೀನಿನ ದೋಣಿ ಮತ್ತು ಹೊಯಿಗೆ (ಮರಳು) ತುಂಬಿದ ಒಂದು ದೋಣಿ. ಹೊಯಿಗೆಯ ದೋಣಿ ಅಂಚಿನವರೆಗೆ ಮುಳುಗಿ, ಇನ್ನೊಂದು ಬುಟ್ಟಿ ಹಾಕಿದರೆ ಹೋಯಿತು ಅನ್ನುವ ಹಾಗಿತ್ತು.

ಪಡನ್ನ ಕಡೆ ಬರುವಾಗ ನೀರಿನ ಮಧ್ಯ ಬಿದಿರು ಗಳಗಳ ಚಪ್ಪರದಂಥ ಸಾಲುಗಳು ಕಾಣುತ್ತವೆ. ಅದು ಕಲ್ಲುಮ್ಮಕ್ಕಾಯಿ ಬೇಸಾಯ, ನಮ್ಮ ಕಡೆಯವರು ಪಚ್ಚಿಲೆ ಅನ್ನುವುದು ಅದಕ್ಕೇ. ಸ್ರಾಂಕ್ ಎಂಜಿನ್ ನಿಧಾನ ಮಾಡಿ ಒಂದು ಸಾಲಿನ ಪಕ್ಕಕ್ಕೆ ದೋಣಿ ತಂದರು. (ಇಲ್ಲಿ ದೋಣಿಯ ಚುಕ್ಕಾಣಿ ಹಿಡಿಯುವವರು ಸ್ರಾಂಕ್, ಎಂಜಿನ್ ನೋಡುವವರು ಡ್ರೈವರ್, ಹಗ್ಗ ಎಸೆಯುವವರು ಲಾಸ್ಕರ್. ಸ್ರಾಂಕನ್ನು ಡ್ರೈವರ್ ಅಂತ ಕರೆದರೆ ಅವರಿಗೆ ಅಷ್ಟು ಇಷ್ಟ ಆಗುವುದಿಲ್ಲ.) ಅಲ್ಲಿದ್ದ ಹೆಂಗಸೊಬ್ಬರು ಒಂದು ಹಗ್ಗ ಎತ್ತಿ ತೋರಿಸಿದರು. ತೋಳಿನಷ್ಟು ದಪ್ಪ ಆಗಿತ್ತು, ಮೈತುಂಬ ಹಸಿರು ಅಂಚಿನ ಚಿಪ್ಪುಗಳು, ನೀರು ಸುರಿಯುತ್ತಿದ್ದ ಹಾಗೇ ಚಿಪ್ಪುಗಳು ಟಕ್ ಟಕ್ ಅಂತ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಮಳೆಗಾಲ ಕಳೆದು ನೀರು ಮತ್ತೆ ಉಪ್ಪಾದ ಮೇಲೆ, ನವೆಂಬರ್–ಡಿಸೆಂಬರಿನಲ್ಲಿ ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಹೊಲಿಯುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಅವು ಹಗ್ಗಕ್ಕೆ ಅಂಟಿರುತ್ತವೆ. ಮುಂದಿನ ಮಳೆಗೆ ಮುಂಚೆ ಕೊಯ್ಲು ಆಗಲೇಬೇಕು, ಸಿಹಿನೀರು ನುಗ್ಗಿದರೆ ಎಲ್ಲ ಸಾಯುತ್ತವೆ. ಸಮುದ್ರ ಮೀನು ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಇಲ್ಲಿ ಇದನ್ನು ಕಲಿಸಿದ್ದು, ಈಗ ಹೆಚ್ಚಿನದ್ದು ಹೆಂಗಸರ ಸಂಘಗಳ ಕೈಯಲ್ಲಿದೆ. ಇಡೀ ಟ್ರಿಪ್ಪಿನಲ್ಲಿ ನನಗೆ ಮನಸ್ಸಿಗೆ ಹಿಡಿಸಿದ ಹತ್ತು ನಿಮಿಷ ಇದು. ಪ್ಯಾಕೇಜಿನಲ್ಲಿ ಇದು ಇರಲೇ ಇಲ್ಲ, ಬಾವ ಕೇಳಿದ್ದಕ್ಕೆ ನಿಲ್ಲಿಸಿದರು.

ಅಲ್ಲಿಯೇ ಬಾವ ದೋಣಿಯ ಬದಿಯಲ್ಲಿದ್ದ ಉದ್ದ ಗಳ ತೆಗೆದು ನೀರಿಗೆ ಇಳಿಸಿದರು. ಮೇಲೆ ಎಳೆದಾಗ ಒದ್ದೆ ಗುರುತು ಅವರ ಎದೆಮಟ್ಟಕ್ಕೆ ಬಂತು. ತುದಿಯಲ್ಲಿ ಬೂದಿ ಬಣ್ಣದ ಕೆಸರು, ಅದರಲ್ಲಿ ಎರಡು ಒಡೆದ ಚಿಪ್ಪು.

"ಇಷ್ಟೇ ಉಂಟಾ ನೀರು?" ಅಂತ ಕೇಳಿದೆ.

"ಇಳಿತ ಅಲ್ಲವಾ ಈಗ. ಇನ್ನು ಸ್ವಲ್ಪ ಹೋದರೆ ತಳ ತಾಗ್ತದೆ. ಅದಕ್ಕೇ ಈ ಮನುಷ್ಯ ಗೂಟ ನೋಡಿ ನೋಡಿ ಹೋಗುವುದು, ನೀನು ಮೊಬೈಲು ನೋಡುವ ಹಾಗೆ ಅಲ್ಲ" ಅಂದರು.

ನಿಜ. ಸ್ರಾಂಕ್ ಒಂದು ಸಾರಿಯೂ ನೇರ ಹೋಗಲಿಲ್ಲ. ಒಂದು ತೆಂಗಿನ ಮರ, ಒಂದು ಮಸೀದಿಯ ಮಿನಾರ, ನೀರಲ್ಲಿ ನೆಟ್ಟ ಒಂದು ಗೂಟ, ಹೀಗೆ ಗುರುತು ಹಿಡಿದು ಅಂಕುಡೊಂಕಾಗಿ ಹೋಗುತ್ತಿದ್ದರು. ನಾನು ಕೊಟ್ಟ ಅರ್ಧ ಮಾರ್ಕು ಅದಕ್ಕೆ. ಇವರಿಗೆ ಜಾಸ್ತಿ ಕೊಡಬೇಕಿತ್ತು, ಆದರೆ ಇವರಿಗೆ ದೋಣಿ ಓಡಿಸಲು ಬಿಟ್ಟರಲ್ಲವಾ ಕೊಡುವುದು?

ತಕರಾರು ಇಲ್ಲಿಂದ ಶುರು. ಬುಕ್ ಮಾಡುವಾಗ ಫೋನಿನಲ್ಲಿ ಹೇಳಿದ್ದು ಬೆಳಗ್ಗೆಯಿಂದ ಸಾಯಂಕಾಲದವರೆಗೆ ಅಂತ. ಹನ್ನೆರಡೂವರೆಗೆ ಒಂದು ತೆಂಗಿನ ತೋಟದ ಬದಿಗೆ ದೋಣಿ ಕಟ್ಟಿದರು, ಊಟಕ್ಕೆ. ಊಟ ಮುಗಿಯಿತು, ಐಸ್‌ಕ್ರೀಮ್ ಮುಗಿಯಿತು, ಮಕ್ಕಳು ಒಂದು ಸುತ್ತು ಜಗಳ ಆಡಿದರು, ದೋಣಿ ಅಲ್ಲೇ. ಜನರೇಟರ್ ಮಾತ್ರ ಗುಂಯ್ ಅಂತ. ಕೇಳಿದರೆ "ರೆಸ್ಟ್ ಟೈಮ್ ಸಾರ್". ಹೊರಟಾಗ ಮೂರು ಗಂಟೆ ಹತ್ತಿರ, ಮತ್ತೆ ಹೊರಟದ್ದು ವಾಪಸ್ ದಾರಿಗೇ. ಇಡಯಿಲಕ್ಕಾಡಿಗೆ ಕರೆದುಕೊಂಡು ಹೋಗುತ್ತೇವೆ ಅಂದಿದ್ದರು, ಅಲ್ಲಿಯ ಕಾವಿನಲ್ಲಿ, ಅಂದರೆ ದೇವರ ಕಾಡಿನಲ್ಲಿ ಮಂಗಗಳಿವೆ, ಓಣಂ ಸಮಯದಲ್ಲಿ ಅವುಗಳಿಗೆ ಎಲೆ ಹಾಕಿ ಹಬ್ಬದೂಟ ಬಡಿಸುತ್ತಾರೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಿ ಇಟ್ಟಿದ್ದೆ. ಆ ಕಡೆ ಹೋಗಲೇ ಇಲ್ಲ. ನೀರು ಕಮ್ಮಿ ಅಂದರು. ಇರಬಹುದು. ಆದರೆ ಉಬ್ಬರ ಯಾವಾಗ, ಇಳಿತ ಯಾವಾಗ ಅಂತ ಹಿಂದಿನ ದಿನವೇ ಗೊತ್ತಿರುತ್ತದೆ. ಹಾಗಾದರೆ ಹೊರಡುವ ಸಮಯವನ್ನು ಉಬ್ಬರಕ್ಕೆ ಸರಿಮಾಡಬೇಕಿತ್ತು. ಊಟದ ಸಮಯಕ್ಕೆ ಸರಿಮಾಡಿದ್ದಾರೆ.

ಅಂದರೆ ನಾವು ಹಣ ಕೊಟ್ಟದ್ದು ತೇಲುವ ಹೋಟೆಲಿಗೆ. ದೋಣಿಗೆ ಅಲ್ಲ.

ಹೋಟೆಲ್ ಅಂತ ನೋಡಿದರೆ ಒಂದು ಕೊರತೆಯೂ ಇಲ್ಲ. ಕರಿಮೀನು ಹುರಿದದ್ದಕ್ಕೆ ಮಸಾಲೆ ಜಾಸ್ತಿ ಹಚ್ಚಿರಲಿಲ್ಲ, ಮೀನಿನ ರುಚಿ ಮೀನಿನಲ್ಲೇ ಉಳಿದಿತ್ತು. ಕುಚ್ಚಲಕ್ಕಿ ಅನ್ನ, ಮಾವಿನಕಾಯಿ ಹಾಕಿದ ಸಿಗಡಿ ಸಾರು, ಪಲ್ಯ ಎರಡು, ಪಪ್ಪಡ. ಸಾಯಂಕಾಲ ಚಾಕ್ಕೆ ಅಕ್ಕಿಹಿಟ್ಟು ತುಂಬಿಸಿ ಬೇಯಿಸಿ ಹುರಿದ ಕಲ್ಲುಮ್ಮಕ್ಕಾಯಿ ಕೊಟ್ಟರು. ಇದನ್ನು ಕಾಸರಗೋಡಿನ ಅಂಗಡಿಗಳಲ್ಲಿ ತಿಂದಿದ್ದೇನೆ, ಆದರೆ ಬೆಳಗ್ಗೆ ಹಗ್ಗದಲ್ಲಿ ನೋಡಿದ್ದನ್ನು ಸಾಯಂಕಾಲ ತಟ್ಟೆಯಲ್ಲಿ ನೋಡುವ ಮಜವೇ ಬೇರೆ. ಬಾವ ಅಡುಗೆಯವರ ಹತ್ತಿರ ಹೋಗಿ ಕೈಕುಲುಕಿ ಬಂದರು. ಹಡಗಿನಲ್ಲಿ ಅಡುಗೆಯವನೊಬ್ಬ ಸರಿ ಇದ್ದರೆ ಬಾಕಿ ಎಲ್ಲ ನಡೆಯುತ್ತದೆ ಅಂತ ಅವರ ಹಳೆಯ ಮಾತು.

ದೋಣಿ ಕಟ್ಟಿ ಹಾಕಿದ್ದ ಆ ಹೊತ್ತಿನಲ್ಲಿ ಬಾವನ ಬಾಯಿ ಬಿಚ್ಚಿಸಿದ್ದೇ ಲಾಭ. ಅವರ ಹಡಗು ಒಂದು ಕಾಲದಲ್ಲಿ ಗೋಧಿ ತುಂಬಿಸಲು ಕೆನಡಾದ ಥಂಡರ್ ಬೇಗೆ ಹೋಗುತ್ತಿತ್ತು. ಮ್ಯಾಪ್ ತೆಗೆದು ನೋಡಿ, ಅದು ಕಡಲಿನ ಬದಿಯ ಊರಲ್ಲ, ದೇಶದ ನಟ್ಟನಡುವೆ ಸುಪೀರಿಯರ್ ಸರೋವರದ ದಂಡೆ. ಆ ಸರೋವರ ಇರುವುದು ಸಮುದ್ರಕ್ಕಿಂತ 183 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಕಡಲಿನ ಹಡಗು ಹೇಗೆ ಹತ್ತುತ್ತದೆ? ಸೇಂಟ್ ಲಾರೆನ್ಸ್ ನದಿಯಲ್ಲಿ ಒಳಗೆ ಹೋಗಿ, ಒಂದು ಸರೋವರ ದಾಟಿ, ಕಾಲುವೆ ಹಿಡಿದು, ಇನ್ನೊಂದು ಸರೋವರ, ಮತ್ತೊಂದು ನದಿ, ಹೀಗೆ. ನಯಾಗರಾ ಜಲಪಾತವನ್ನು ಹಡಗು ಹತ್ತಲಾರದು, ಅದಕ್ಕೆ ಪಕ್ಕದಲ್ಲಿ ವೆಲ್ಯಾಂಡ್ ಕಾಲುವೆ ತೋಡಿದ್ದಾರೆ. ಅದರಲ್ಲಿ ಎಂಟು ಲಾಕ್‌ಗಳು, ಎಲ್ಲ ಸೇರಿ ಹಡಗನ್ನು ಸುಮಾರು 99 ಮೀಟರ್ ಮೇಲೆತ್ತುತ್ತವೆ. ಈಗಿನ ದಾರಿ ತೆರೆದದ್ದು 1959ರಲ್ಲಿ.

ಲಾಕ್ ಅಂದರೆ ಎರಡು ಬಾಗಿಲಿನ ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಹಾಕಿ ಮೇಲಿನ ಕಡೆಯ ನೀರು ಬಿಡುತ್ತಾರೆ. ನೀರು ಏರುತ್ತದೆ, ಹಡಗೂ ಏರುತ್ತದೆ, ಎದುರಿನ ಬಾಗಿಲು ತೆರೆಯುತ್ತಾರೆ. ಪಂಪ್ ಬೇಡ, ನೀರು ತಾನಾಗಿಯೇ ಇಳಿಯುತ್ತದಲ್ಲ. ಅಲ್ಲಿ ಲಾಕಿನ ಅಗಲ 24.4 ಮೀಟರ್, ಒಳಗೆ ಬಿಡುವ ಹಡಗಿನ ಅಗಲ 23.8ರವರೆಗೆ. ಎರಡೂ ಬದಿ ಸೇರಿಸಿ ಉಳಿಯುವುದು ಎರಡು ಅಡಿ! "ಹಗ್ಗ ಹಿಡಿದವನಿಗೆ ಗೊತ್ತು ಅದರ ಕಷ್ಟ, ಗೋಡೆಗೆ ಉಜ್ಜಿದರೆ ಬಣ್ಣ ಹೋಯಿತು, ಕ್ಯಾಪ್ಟನ್ ಬೈಗುಳ ನಮಗೆ" ಅಂತ ಬಾವ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದರಿಂದ ಕೆಲವು ತಿಂಗಳು ದಾರಿಯೇ ಬಂದ್, ನಮ್ಮ ಕಡೆ ಆಟಿ ತಿಂಗಳ ಜೋರು ಮಳೆಯಲ್ಲಿ ದೋಣಿ ಇಳಿಸದ ಹಾಗೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಾವು ಕೂತಿದ್ದ ನೀರು ಸಹ ಇಂಥದೇ ಒಂದು ದಾರಿಯ ತುಂಡು. ತಿರುವನಂತಪುರದ ಕೋವಳಂನಿಂದ ನಮ್ಮ ಬೇಕಲದವರೆಗೆ 616 ಕಿಲೋಮೀಟರ್ ಜಲಮಾರ್ಗ ಅಂತ ಕೇರಳ ಸರಕಾರದ ಯೋಜನೆ ಇದೆ. ಕಾಯಲ್, ಹೊಳೆ, ಹಳೆಯ ಕಾಲುವೆ ಎಲ್ಲ ಜೋಡಿಸಿ. ಇದರಲ್ಲಿ ಎಷ್ಟೋ ಕಾಲುವೆ ಹಿಂದಿನವರೇ ಮಾಡಿಟ್ಟದ್ದು. ವರ್ಕಲದ ಗುಡ್ಡ ಅಡ್ಡ ಬಂದಾಗ 19ನೇ ಶತಮಾನದಲ್ಲಿ ದೋಣಿ ಹೋಗಲು ಎರಡು ಸುರಂಗ ಕೊರೆದಿದ್ದರು. ಕೋಯಿಕ್ಕೋಡಿನಲ್ಲಿ ಕನೋಲಿ ಕಾಲುವೆ, 1848ರ ಯೋಜನೆ. ನಮಗೆ ಹತ್ತಿರದ್ದು ಅಂದರೆ ಸುಲ್ತಾನ್ ಕಾಲುವೆ. ಪಳಯಂಗಾಡಿ ಹೊಳೆಯಿಂದ ಈ ಕವ್ವಾಯಿ ಕಡೆಗೆ ಬರುವ ನೀರಿಗೆ ಜೋಡಿಸಲು ಸುಮಾರು 4 ಕಿಲೋಮೀಟರ್ ತೋಡಿದ್ದು, ಹೈದರಾಲಿಯ ಕಾಲದಲ್ಲಿ, 1766ರ ಸುಮಾರಿಗೆ. ಯಾಕೆ ಅಂತ ಏಳಿಮಲ ನೋಡಿದರೆ ಸಾಕು. ಆ ಗುಡ್ಡ ಕಡಲಿನೊಳಕ್ಕೆ ಚಾಚಿ ನಿಂತಿದೆ, ಸರಕಿನ ದೋಣಿಗಳು ಅದನ್ನು ಸುತ್ತಿ ಬರಲು ತೆರೆಗೆ ಎದೆ ಕೊಡಬೇಕಿತ್ತು. ಒಳಗಿನಿಂದ ಅಡ್ಡದಾರಿ ಮಾಡಿಕೊಂಡರು. ಗುದ್ದಲಿ, ಬುಟ್ಟಿ ಬಿಟ್ಟರೆ ಬೇರೇನೂ ಇಲ್ಲದ ಕಾಲದಲ್ಲಿ.

ನಮ್ಮ ಜಿಲ್ಲೆಯಲ್ಲಿ ದಾರಿ ಕಡಿದುಹೋಗುವುದು ನೀಲೇಶ್ವರದ ಉತ್ತರಕ್ಕೆ. ನೀಲೇಶ್ವರ ಹೊಳೆಗೂ ಬೇಕಲದ ಹತ್ತಿರದ ಚಿತ್ತಾರಿ ಹೊಳೆಗೂ ನಡುವೆ ಕಾಞಂಗಾಡು ಬದಿಯಲ್ಲಿ ನೆಲ ಇದೆ, ನೀರಿಲ್ಲ. ಅಲ್ಲಿ ಆರೂವರೆ ಕಿಲೋಮೀಟರಿನಷ್ಟು ಹೊಸ ಕಾಲುವೆ ತೋಡಬೇಕು, ನಂಬ್ಯಾರ್‌ಕಲ್ ಅಣೆಕಟ್ಟಿನಲ್ಲಿ ಒಂದು ಲಾಕ್ ಕಟ್ಟಬೇಕು ಅಂತ ಯೋಜನೆ. ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ತಡೆಯುವ ಕಟ್ಟ ಅದು. ಅದನ್ನು ಒಡೆಯದೆ ದೋಣಿ ದಾಟಿಸಬೇಕಾದರೆ ಬಾವ ಹೇಳಿದ ಆ ಎರಡು ಬಾಗಿಲಿನ ತೊಟ್ಟಿಯೇ ಬೇಕು. ಜಾಗ ಹೋಗುವವರಿಗೆ ಸಿಟ್ಟು ಇರುತ್ತದೆ, ಬಾವಿಗೆ ಉಪ್ಪು ಬಂದರೆ ಅಂತ ಹೆದರಿಕೆ ಇರುತ್ತದೆ, ಎರಡೂ ನ್ಯಾಯವೇ. ಆದರೆ ಆ ಕಾಲುವೆ ಬರೀ ಇಂಥ ಹೌಸ್‌ಬೋಟ್ ಬೇಕಲದ ರಿಸಾರ್ಟಿಗೆ ಬಂದು ನಿಲ್ಲಲಿಕ್ಕೆ ಆದರೆ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಊಟ ಮಾಡಲು ಕಾಲುವೆ ಯಾಕೆ?

ಸರಕಿಗೆ ಆದರೆ ಬೇರೆ ಮಾತು. ಒಳನಾಡು ಜಲಸಾರಿಗೆ ಪ್ರಾಧಿಕಾರದವರು ಹೇಳುವ ಒಂದು ಲೆಕ್ಕ ಇದೆ: ಒಂದು ಹಾರ್ಸ್‌ಪವರ್ ರಸ್ತೆಯಲ್ಲಿ 150 ಕಿಲೋ ಎಳೆದರೆ, ರೈಲಿನಲ್ಲಿ 500, ನೀರಿನಲ್ಲಿ 4000 ಕಿಲೋ. ಮಂಗಳೂರಿನಿಂದ ಗ್ಯಾಸ್ ತುಂಬಿಕೊಂಡು ಹೋಗುವ ಬುಲೆಟ್ ಟ್ಯಾಂಕರುಗಳು ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಪೇಟೆಯ ಮಧ್ಯದಿಂದಲೇ ಹಾದು ಹೋಗುತ್ತವೆ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಒಂದು ಮಗುಚಿ ಸ್ಫೋಟವಾಗಿ 20ರಷ್ಟು ಜನ ಸತ್ತರು. ಟ್ಯಾಂಕರ್ ಮಗುಚಿದೆ, ಒಲೆ ಹಚ್ಚಬೇಡಿ ಅಂತ ಊರೂರಲ್ಲಿ ಮೈಕಿನಲ್ಲಿ ಹೇಳಿಕೊಂಡು ಹೋಗುವುದು ಈ ರಸ್ತೆ ಬದಿಯವರಿಗೆ ಹೊಸದಲ್ಲ. ಕೊಚ್ಚಿಯಲ್ಲಿ ಚಂಪಕ್ಕರ ಕಾಲುವೆ, ಉದ್ಯೋಗಮಂಡಲ ಕಾಲುವೆಗಳಲ್ಲಿ ಫ್ಯಾಕ್ಟ್ ಗೊಬ್ಬರ ಕಾರ್ಖಾನೆಗೆ ಬೇಕಾದ ಕಚ್ಚಾಮಾಲನ್ನು ಬಾರ್ಜಿನಲ್ಲಿ ಸಾಗಿಸಿದ್ದಾರೆ. ಮಾಡಿದರೆ ಆಗುತ್ತದೆ.

ನಮಗೆ ಮಾತ್ರ ಅದರಲ್ಲಿ ಪಾಲಿಲ್ಲ ಅನ್ನುವುದು ಬೇರೆ ಕಥೆ. 2016ರ ಕಾನೂನಿನಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಇದೆ. ಗಡಿಯ ಆಚೆ ಮಂಗಳೂರಿನ ಗುರುಪುರ ಹೊಳೆ ಮತ್ತು ನೇತ್ರಾವತಿ ಅದರಲ್ಲಿವೆ. ಈಚೆ ಕೋವಳಂನ ಕಾಲುವೆ ಬೇಕಲಕ್ಕೆ ನಿಲ್ಲುತ್ತದೆ. ನಡುವೆ ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳೆಲ್ಲ ಇವೆ, ಯಾರ ಲೆಕ್ಕಕ್ಕೂ ಇಲ್ಲ. ಚಂದ್ರಗಿರಿಯಾದರೂ 105 ಕಿಲೋಮೀಟರ್ ಉದ್ದದ ಹೊಳೆ ಮಾರಾಯ್ರೆ, ಕೊಡಗಿನಿಂದ ಇಳಿದು ಬರುತ್ತದೆ. "ಬೇಕಲದ ಆಚೆ ನಾವು ಈಜಿಕೊಂಡು ಹೋಗುವುದಾ?" ಅಂತ ಬಾವ ಕೇಳಿದರು. ಹುಬ್ಬಳ್ಳಿ ಬೇಕರಿಯ ಹುಡುಗ ನಕ್ಕು ನಕ್ಕು ಚಾ ಚೆಲ್ಲಿದ.

ಹಾಗಾದರೆ ನೀರಿನ ದಾರಿಯನ್ನು ದಾರಿಯಾಗಿಯೇ ನೋಡಬೇಕು ಅನ್ನುವವರು ಏನು ಮಾಡಬೇಕು? ಕೇರಳ ಜಲಸಾರಿಗೆ ಇಲಾಖೆಯ ಜನಸಾಮಾನ್ಯರ ಬೋಟು ಹತ್ತಿ. ಇಲಾಖೆ ಶುರುವಾದದ್ದು 1968ರಲ್ಲಿ. ನಮ್ಮ ಜಿಲ್ಲೆಯಲ್ಲಿ ತ್ರಿಕರಿಪುರದ ಹತ್ತಿರ ಆಯಿಟ್ಟಿಯಲ್ಲಿ ಜೆಟ್ಟಿ ಇದೆ, ಹೋಗುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಮರದ ಬೆಂಚು, ಶಾಲೆ ಮಕ್ಕಳು, ಮೀನಿನ ಬುಟ್ಟಿ, ಬಸ್ಸಿನ ಹಾಗೆ ಟಿಕೆಟು. ಎಸಿ ಇಲ್ಲ, ಕರಿಮೀನೂ ಇಲ್ಲ. ಆದರೆ ದೋಣಿ ಓಡುತ್ತದೆ! ಇದೇ ಇಲಾಖೆ ವೈಕಂನಲ್ಲಿ 2017ರ ಜನವರಿಯಿಂದ ಸೋಲಾರ್ ಬೋಟು ಓಡಿಸುತ್ತಿದೆ, 75 ಜನ ಹಿಡಿಯುತ್ತದೆ, ದೇಶದಲ್ಲೇ ಮೊದಲನೆಯದು. ಕೊಚ್ಚಿಗೆ ಹೋದರೆ 2023ರ ಏಪ್ರಿಲಿನಲ್ಲಿ ಶುರುವಾದ ವಾಟರ್ ಮೆಟ್ರೋ ಹತ್ತಿ ನೋಡಿ. ಬ್ಯಾಟರಿ ಬೋಟು, ಸದ್ದಿಲ್ಲ, ಹೊಗೆ ಇಲ್ಲ, ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಏರಿ ಇಳಿಯುವ ತೇಲುವ ಜೆಟ್ಟಿ, ಅಜ್ಜಿಯಂದಿರೂ ಸಲೀಸಾಗಿ ಹತ್ತುತ್ತಾರೆ. ಕೊಟ್ಟಪ್ಪುರಂ ಜೆಟ್ಟಿಯಲ್ಲಿ ನಮ್ಮ ಅತ್ತೆಯನ್ನು ಹಲಗೆ ಮೇಲಿಂದ ಇಬ್ಬರು ಕೈಹಿಡಿದು ಹತ್ತಿಸಬೇಕಾಯಿತು, ಇಳಿತದಲ್ಲಿ ದೋಣಿ ಅಷ್ಟು ಕೆಳಗೆ ಹೋಗಿತ್ತು.

ಈಗ ಸುರಕ್ಷತೆ. ಇದನ್ನು ಯಾರೂ ಬರೆಯುವುದಿಲ್ಲ, ಎಲ್ಲರೂ ಸೂರ್ಯಾಸ್ತದ ಫೋಟೋ ಹಾಕುತ್ತಾರೆ. 2023ರ ಮೇ 7ರಂದು ತಾನೂರಿನಲ್ಲಿ ಟೂರಿಸ್ಟ್ ಬೋಟ್ ಮಗುಚಿ 22 ಜನ ಸತ್ತರು, ಅದರಲ್ಲಿ ತುಂಬ ಮಕ್ಕಳು. ಹಿಡಿಸುವುದಕ್ಕಿಂತ ಜಾಸ್ತಿ ಜನ ಹತ್ತಿಸಿದ್ದರು. 2009ರಲ್ಲಿ ತೇಕ್ಕಡಿಯಲ್ಲಿ 45 ಜನ. ಹಾಗಾಗಿ ಹತ್ತುವ ಮೊದಲು ದೋಣಿಯ ಬದಿಯಲ್ಲಿ ಕೆಐವಿ ಅಂತ ಶುರುವಾಗುವ ನಂಬರ್ ಇದೆಯಾ ನೋಡಿ, ಅದು ಕೇರಳದ ಒಳನಾಡು ದೋಣಿಯ ರಿಜಿಸ್ಟ್ರೇಷನ್. ಎಷ್ಟು ಜನರಿಗೆ ಪರ್ಮಿಟ್ ಅಂತ ಕೇಳಿ, ನಿಮ್ಮ ಗುಂಪು ಎಣಿಸಿ, ಮಡಿಲಲ್ಲಿರುವ ಮಕ್ಕಳನ್ನೂ ಸೇರಿಸಿ. ಮೇಲಿನ ಅಟ್ಟಕ್ಕೆ ಎಲ್ಲರೂ ಒಟ್ಟಿಗೆ ಹತ್ತಬೇಡಿ, ಒಂದೇ ಬದಿಗೆ ಫೋಟೋಗೆ ನುಗ್ಗಬೇಡಿ. ನಮ್ಮ ದೋಣಿಯಲ್ಲಿ ನಂಬರ್ ಇತ್ತು, ಲೈಫ್ ಜಾಕೆಟ್ ಸಾಕಷ್ಟಿತ್ತು. ಆದರೆ ಎಲ್ಲವೂ ಮಂಚದ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟದ್ದು. ಬಾವ ಒಂದೊಂದಾಗಿ ಬಿಡಿಸಿ ಎಲ್ಲರಿಗೂ ತೊಡಿಸಿದರು. ಮಕ್ಕಳ ಅಳತೆಯದ್ದು ಮೂರೇ. ಅರ್ಧ ಮಾರ್ಕು ಅಲ್ಲಿ ಹೋಯಿತು, ಉಳಿದ ಒಂದು ಮಾರ್ಕು ಹೋದದ್ದು ಆ "ರೆಸ್ಟ್ ಟೈಮ್"ಗೆ.

ದರ ನಮ್ಮ ಗುಂಪಿಗೆ ಹಂಚಿದಾಗ ಹೆಚ್ಚೇನೂ ಅನ್ನಿಸಲಿಲ್ಲ. ಇಬ್ಬರೇ ಹೋಗುವವರಿಗೆ ದುಬಾರಿ. ಶನಿವಾರ, ಭಾನುವಾರ ದರವೂ ಏರುತ್ತದೆ, ಪಕ್ಕದ ದೋಣಿಯ ಡಿಜೆಯೂ ಏರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೋದರೆ ಕಲ್ಲುಮ್ಮಕ್ಕಾಯಿ ಹಗ್ಗಗಳು ನೀರಿನಲ್ಲಿ ಇರುತ್ತವೆ, ಹತ್ತಿರ ನಿಲ್ಲಿಸಿ ಅಂತ ಮೊದಲೇ ಹೇಳಿಡಿ. ಬುಕ್ ಮಾಡುವಾಗ ಎಷ್ಟು ಗಂಟೆ ಟ್ರಿಪ್ ಅಂತ ಕೇಳಬೇಡಿ, ಎಷ್ಟು ಗಂಟೆ ಎಂಜಿನ್ ಓಡುತ್ತದೆ ಅಂತ ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಆ ದಿನದ ಉಬ್ಬರ ಎಷ್ಟು ಹೊತ್ತಿಗೆ ಅಂತಲೂ ಕೇಳಿ. ಫೋನ್ ಎತ್ತಿದವರಿಗೆ ಗೊತ್ತಿಲ್ಲದಿದ್ದರೆ ಸ್ರಾಂಕಿಗೆ ಕೊಡಿ ಅನ್ನಿ. ಸಸ್ಯಾಹಾರಿಗಳು ಹಿಂದಿನ ದಿನವೇ ತಿಳಿಸಬೇಕು, ಇಲ್ಲದಿದ್ದರೆ ಸಾಂಬಾರು ಮತ್ತು ಪಪ್ಪಡದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾಗುತ್ತದೆ. ನಮ್ಮ ಅತ್ತೆಗೆ ಹಾಗೇ ಆಯಿತು.